ಡ್ರೈವ್ ಬಂದಾಗ ಹೋಗಬೇಕಾದವರು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಚೆಂಡು ತಟ್ಟುತ್ತ ರಿಂಗ್ ಕಡೆ ನುಗ್ಗುವುದೇ ಡ್ರೈವ್. ಕಾಯುವವನನ್ನು ದಾಟಿ ಹಾಗೆ ಬಂದವನನ್ನು ಉಳಿದ ನಾಲ್ವರು ಹೇಗೆ ತಡೆಯಬೇಕು? ಬ್ಯಾಸ್ಕೆಟ್‌ಬಾಲ್‌ನ ಹೆಲ್ಪ್ ಡಿಫೆನ್ಸ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಅಮೆರಿಕದ ಕಾಲೇಜು ಪಂದ್ಯಗಳನ್ನು ನೋಡುವವರು. ಅಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ನಿಯಮ, ನಮ್ಮ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮ. ಎರಡೂ ಬೇರೆಯಾಗುವಲ್ಲಿ ಅದನ್ನು ಹೇಳಿದ್ದೇವೆ.

ನಾನು ಕಾಲೇಜು ತಂಡದ ಫಾರ್ವರ್ಡ್. ನನ್ನ ಮ್ಯಾನ್ (ನಾನು ಕಾಯಬೇಕಾದ ಎದುರಾಳಿ) ಆಚೆ ಕಾರ್ನರ್‌ನಲ್ಲಿ ಇರುತ್ತಾನೆ. ಈಚೆಯಿಂದ ಯಾರಾದರೂ ಡ್ರೈವ್ ಮಾಡಿದರೆ ಕೋಚ್ ‘ಹೆಲ್ಪ್, ಹೆಲ್ಪ್’ ಎಂದು ಕೂಗುತ್ತಾರೆ. ಓಡುತ್ತೇನೆ, ಆದರೆ ಪ್ರತಿ ಸಲ ಅರ್ಧ ಹೆಜ್ಜೆ ತಡ. ಒಂದೋ ಲೇಅಪ್ (ರಿಂಗ್ ಹತ್ತಿರದ ಸುಲಭ ಶಾಟ್) ಬೀಳುತ್ತದೆ, ಇಲ್ಲವೇ ನನ್ನ ಮೇಲೆ ಫೌಲ್. ವೇಗ ಹೆಚ್ಚಿಸಿಕೊಳ್ಳಬೇಕೆ? (ಮೈಸೂರು)

ವೇಗದ ತೊಂದರೆ ಇರಲಿಕ್ಕಿಲ್ಲ. ಕೂಗು ಕೇಳಿದ ಮೇಲೆ ಹೊರಡುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಡ್ರೈವ್ ಶುರುವಾಗುವ ಮೊದಲು ನೀವು ಎಲ್ಲಿ ನಿಂತಿದ್ದಿರಿ ಎಂಬುದರ ಮೇಲೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ.

ಒಂದು ರಿಂಗ್‌ನಿಂದ ಇನ್ನೊಂದು ರಿಂಗ್‌ಗೆ, ಕೋರ್ಟ್ ಅನ್ನು ಉದ್ದಕ್ಕೆ ಸೀಳುವ ಗೆರೆಯೊಂದನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಚೆಂಡು ಆಚೆ ವಿಂಗ್‌ನಲ್ಲಿದ್ದು (ಪಕ್ಕದಲ್ಲಿ, ಕಾರ್ನರ್‌ಗಿಂತ ಮೇಲಿನ ಜಾಗ) ನಿಮ್ಮ ಮ್ಯಾನ್ ಎರಡು ಪಾಸ್ ದೂರದಲ್ಲಿದ್ದರೆ ನಿಮ್ಮ ಜಾಗ ಆ ನಡುಗೆರೆಯ ಮೇಲೆ, ಪೇಂಟ್ (ರಿಂಗ್ ಮುಂದಿನ ಆಯತ) ಒಳಗೆ. ಚೆಂಡು ಟಾಪ್‌ಗೆ (ರಿಂಗ್‌ಗೆ ನೇರ ಎದುರಿನ ಜಾಗ) ಬಂದರೆ ಪೇಂಟ್‌ನ ಅಂಚಿಗೆ ಸರಿಯಿರಿ, ಆದರೆ ಪಾದಗಳು ಒಳಗೇ ಇರಲಿ. ಚೆಂಡು ಒಂದೇ ಪಾಸ್ ದೂರಕ್ಕೆ ಬಂತೆಂದರೆ ನಿಮ್ಮ ಮ್ಯಾನ್‌ಗೂ ಚೆಂಡಿಗೂ ನಡುವಿನ ಗ್ಯಾಪ್‌ನಲ್ಲಿ, ಚೆಂಡಿನತ್ತ ಒಂದೆರಡು ಹೆಜ್ಜೆ ವಾಲಿ ನಿಲ್ಲಿ. ಮೂರೂ ಕಡೆ ನೀವು, ಚೆಂಡು, ನಿಮ್ಮ ಮ್ಯಾನ್ ಸೇರಿ ಚಪ್ಪಟೆ ತ್ರಿಕೋನ ಆಗಬೇಕು. ಕುತ್ತಿಗೆ ತಿರುಗಿಸದೆ ಎರಡೂ ಕಾಣಬೇಕು. ಒಂದು ಕೈ ಚೆಂಡಿಗೆ, ಇನ್ನೊಂದು ಮ್ಯಾನ್‌ಗೆ ತೋರಿಸಿ ನಿಲ್ಲುವ ಅಭ್ಯಾಸ ಹುಡುಗಾಟದಂತೆ ಕಂಡರೂ ನೋಟವನ್ನು ಸರಿಯಾಗಿ ಇಡಿಸುತ್ತದೆ.

ಅಮೆರಿಕದ ವಿಡಿಯೊ ನೋಡಿ ಕಲಿಯುವವರು ಒಂದು ಅಳತೆಯಲ್ಲಿ ಎಡವುತ್ತಾರೆ. ಅಲ್ಲಿನ ಕಾಲೇಜು ಕೋರ್ಟ್‌ನಲ್ಲಿ ಪೇಂಟ್‌ನ ಅಗಲ 12 ಅಡಿ, ಅಂದರೆ 3.66 ಮೀಟರ್. ಫಿಬಾ ಪೇಂಟ್ 4.9 ಮೀಟರ್. ‘ಒಂದು ಪಾದ ಪೇಂಟ್‌ನಲ್ಲಿ’ ಎಂದು ಅಲ್ಲಿನ ಕೋಚ್ ಹೇಳಿದಾಗ ಆಟಗಾರ ನಡುಗೆರೆಯಿಂದ 1.8 ಮೀಟರ್ ದೂರದಲ್ಲಿ ಇರುತ್ತಾನೆ. ಅದೇ ಮಾತನ್ನು ಇಲ್ಲಿ ಪಾಲಿಸಿದರೆ ನೀವು 2.45 ಮೀಟರ್ ದೂರ. ನೀವು ಹೇಳುವ ‘ಅರ್ಧ ಹೆಜ್ಜೆ ತಡ’ ಬಹುಶಃ ಈ 60 ಸೆಂಟಿಮೀಟರೇ. ನಮ್ಮ ಕೋರ್ಟ್‌ನಲ್ಲಿ ಎರಡೂ ಪಾದ ಒಳಗಿಡಿ.

ಅಷ್ಟು ಒಳಗೆ ಬಂದರೆ ಕಾರ್ನರ್‌ಗೆ ಪಾಸ್ ಹೋದಾಗ ಮರಳಲು ಆಗುತ್ತದೆಯೇ ಎಂಬ ಅಳುಕು ಸಹಜ. ಫಿಬಾ ಕೋರ್ಟ್‌ನ ಕಾರ್ನರ್‌ನಲ್ಲಿ ತ್ರೀ ಪಾಯಿಂಟ್ ಗೆರೆ ನಡುಗೆರೆಯಿಂದ 6.6 ಮೀಟರ್. ಈಚೆ ವಿಂಗ್‌ನಿಂದ ಆಚೆ ಕಾರ್ನರ್‌ಗೆ ಎಸೆದ ಉದ್ದ ಪಾಸ್ ಗಾಳಿಯಲ್ಲಿ ಸುಮಾರು ಒಂದು ಸೆಕೆಂಡ್ ಇರುತ್ತದೆ. ಹಿಡಿದು ಶಾಟ್ ತೆಗೆಯಲು ಅವನಿಗೆ ಇನ್ನೂ ಅರ್ಧ, ಮುಕ್ಕಾಲು ಸೆಕೆಂಡ್ ಬೇಕು. ಪಾಸ್ ಕೊಡುವವನ ಕೈ ಬಿಟ್ಟ ಕ್ಷಣವೇ ನೀವು ಹೊರಟರೆ ಮುಖದ ಮುಂದೆ ಕೈ ಎತ್ತಲು ಸಾಕು. ಹಿಡಿದ ಮೇಲೆ ಹೊರಟರೆ ಸಾಲದು. ಚೆಂಡು ಗಾಳಿಯಲ್ಲಿದ್ದಾಗ ಐವರೂ ಚಲಿಸುತ್ತಿರಬೇಕು ಎಂದು ಕೋಚ್‌ಗಳು ಬೈಯುವುದಕ್ಕೆ ಕಾರಣ ಇದೇ.

ಹೊರಡುವ ಗುರುತು ಕೂಗಲ್ಲ. ಡ್ರೈವ್ ಮಾಡುವವನ ಭುಜ ನಿಮ್ಮ ಗೆಳೆಯನ ಸೊಂಟವನ್ನು ದಾಟಿತೇ ನೋಡಿ. ದಾಟಿದರೆ ಹೋಗಿ, ದಾಟದಿದ್ದರೆ ಜಾಗ ಬಿಡಬೇಡಿ. ಗೆಳೆಯ ಇನ್ನೂ ಚೆಂಡಿನ ಮುಂದಿರುವಾಗಲೇ ಓಡಿಹೋಗುವುದು ತಡವಾಗುವುದಕ್ಕಿಂತ ದೊಡ್ಡ ತಪ್ಪು. ಬೇಡದ ಸಹಾಯ ಎದುರಾಳಿಗೆ ಪುಕ್ಕಟೆ ಶಾಟ್.

ವಿಂಗ್‌ನಿಂದ ಬೇಸ್‌ಲೈನ್ (ರಿಂಗ್ ಹಿಂದಿನ ಕೊನೆಯ ಗೆರೆ) ಕಡೆ ಡ್ರೈವ್ ಆದರೆ ನಮ್ಮ ತಂಡದಲ್ಲಿ ಗಲಿಬಿಲಿ. ಇಬ್ಬರು ಒಟ್ಟಿಗೆ ಚೆಂಡಿಗೆ ಓಡುತ್ತಾರೆ, ಆಚೆ ಇಬ್ಬರು ಖಾಲಿ ನಿಂತಿರುತ್ತಾರೆ. ಯಾರು ಎಲ್ಲಿಗೆ ಹೋಗಬೇಕು, ಬಿಡಿಸಿ ಹೇಳಿ. (ದಾವಣಗೆರೆ)

ನಾಲ್ವರಿಗೆ ನಾಲ್ವರು ಎಂದು ಇಟ್ಟುಕೊಳ್ಳೋಣ. ಚೆಂಡು ಬಲ ವಿಂಗ್‌ನಲ್ಲಿ, ಒಬ್ಬ ಟಾಪ್‌ನಲ್ಲಿ, ಒಬ್ಬ ಎಡ ವಿಂಗ್‌ನಲ್ಲಿ, ಒಬ್ಬ ಎಡ ಕಾರ್ನರ್‌ನಲ್ಲಿ. ಬಲ ಕಾರ್ನರ್ ಖಾಲಿ. ಕಾಯುವವರನ್ನು ಇದೇ ಕ್ರಮದಲ್ಲಿ ಒಂದು, ಎರಡು, ಮೂರು, ನಾಲ್ಕು ಎನ್ನೋಣ.

ಬಲ ವಿಂಗ್‌ನವನು ಒಂದನ್ನು ದಾಟಿ ಬೇಸ್‌ಲೈನ್ ಹಿಡಿದ. ಹೋಗಬೇಕಾದವನು ನಾಲ್ಕು, ಎಡ ಕಾರ್ನರ್ ಕಾಯುವ, ಬೇಸ್‌ಲೈನ್‌ಗೆ ಎಲ್ಲರಿಗಿಂತ ಹತ್ತಿರ ಇರುವವನು. ಅವನನ್ನು ಲೋ ಮ್ಯಾನ್ ಎನ್ನುತ್ತಾರೆ. ಅವನು ರಿಂಗ್ ಕೆಳಗೆ ಕಾದು ನಿಲ್ಲಬಾರದು. ಬಲಗಡೆ ಪೇಂಟ್‌ನ ಅಂಚಿಗೇ ಹೋಗಿ, ಚೆಂಡಿನವನು ಪೇಂಟ್ ಮುಟ್ಟುವ ಮೊದಲು ಎದುರಾಗಬೇಕು. ಹೊರಗಿನ ಪಾದ ಬೇಸ್‌ಲೈನ್ ಕಡೆ ಊರಿ ಆ ದಾರಿ ಮುಚ್ಚಿ, ಎದೆ ಕೊಟ್ಟು, ಕೈ ಮೇಲಿಟ್ಟು ನಿಲ್ಲಲಿ. ರಿಂಗ್ ಕೆಳಗೆ ಎದುರಾದರೆ ಅದು ತಡೆಯಲ್ಲ, ಫೌಲ್‌ಗೆ ಅರ್ಜಿ.

ಇಲ್ಲಿಯವರೆಗೆ ಹೆಚ್ಚಿನ ತಂಡಗಳು ಸರಿಯಾಗಿಯೇ ಮಾಡುತ್ತವೆ. ಎಡವುವುದು ಮೂರನೆಯವನಲ್ಲಿ. ನಾಲ್ಕು ಹೊರಟ ಕ್ಷಣವೇ ಮೂರು ಕೆಳಗೆ ಇಳಿಯಬೇಕು. ಎಡ ಕಾರ್ನರ್‌ಗೂ ಎಡ ವಿಂಗ್‌ಗೂ ನಡುವೆ, ಎರಡು ಕಡೆಗೂ ಓಡಬಲ್ಲ ಜಾಗಕ್ಕೆ, ಆದರೆ ಮನಸ್ಸು ಕಾರ್ನರ್ ಮೇಲೆ. ಏಕೆಂದರೆ ಬೇಸ್‌ಲೈನ್ ಡ್ರೈವ್‌ನಲ್ಲಿ ಮೊದಲು ಕಣ್ಣಿಗೆ ಬೀಳುವ ಪಾಸ್ ಅದೇ, ರಿಂಗ್ ಹಿಂದಿನಿಂದ ನೇರ ಆಚೆ ಕಾರ್ನರ್‌ಗೆ. ಎರಡು ಟಾಪ್ ಬಿಟ್ಟು ಫ್ರೀ ಥ್ರೋ ಗೆರೆಯ (ಪೇಂಟ್‌ನ ಮೇಲಂಚು) ಮಟ್ಟಕ್ಕೆ ಇಳಿದು ಎಡ ವಿಂಗ್ ಕಡೆ ಕಣ್ಣಿಡಬೇಕು. ಟಾಪ್‌ನಲ್ಲಿರುವವನನ್ನು ಆ ಹೊತ್ತಿಗೆ ಯಾರೂ ಕಾಯುವುದಿಲ್ಲ. ಬೇಸ್‌ಲೈನ್‌ನಿಂದ ಟಾಪ್‌ಗೆ, ನಾಲ್ಕು ಕೈಗಳ ಮೇಲಿಂದ ಎಸೆಯುವ ಪಾಸ್ ಎಲ್ಲಕ್ಕಿಂತ ಕಷ್ಟದ್ದು. ಒಬ್ಬನನ್ನು ಬಿಡಲೇಬೇಕಾದರೆ ಅವನನ್ನೇ ಬಿಡಬೇಕು.

ಇನ್ನು ಚೆಂಡು ಹೊರಬಿದ್ದ ಮೇಲೆ. ಒಂದನೆಯವನು ಪೂರ್ತಿ ಹಿಂದೆ ಬಿದ್ದಿದ್ದರೆ ಸುತ್ತು ತಿರುಗಬೇಕು: ನಾಲ್ಕು ಚೆಂಡು ತಂದವನ ಬಳಿಯೇ ಉಳಿಯುತ್ತಾನೆ, ಮೂರು ಕಾರ್ನರ್‌ಗೆ, ಎರಡು ಎಡ ವಿಂಗ್‌ಗೆ, ಒಂದು ಟಾಪ್‌ಗೆ ಓಡುತ್ತಾನೆ. ಒಂದನೆಯವನು ಬೆನ್ನಟ್ಟಿ ಮತ್ತೆ ತನ್ನ ಮ್ಯಾನ್‌ನ ಪಕ್ಕ ಬಂದಿದ್ದರೆ ಇಷ್ಟು ಬೇಡ. ಮೂರು ಕಾರ್ನರ್‌ಗೆ ಹೋಗುತ್ತಾನೆ. ಚೆಂಡು ಅಲ್ಲಿಂದ ಎಡ ವಿಂಗ್‌ಗೆ ಹೋದರೆ ನಾಲ್ಕು ಪೇಂಟ್‌ನಿಂದ ವಿಂಗ್‌ಗೆ ಓಡುತ್ತಾನೆ. ಇಬ್ಬರ ದಾರಿ ಒಂದನ್ನೊಂದು ಕತ್ತರಿಸುವುದರಿಂದ ಇದಕ್ಕೆ ಎಕ್ಸ್-ಔಟ್ ಎಂಬ ಹೆಸರು. ನಿಮ್ಮ ತಂಡ ಇವೆರಡರಲ್ಲಿ ಒಂದನ್ನು ಆರಿಸಿ ಅದನ್ನೇ ಆಡಲಿ. ಒಬ್ಬ ಸುತ್ತು ತಿರುಗುತ್ತ, ಇನ್ನೊಬ್ಬ ಎಕ್ಸ್ ಹೊಡೆದರೆ ನೀವು ಬರೆದ ಗಲಿಬಿಲಿಯೇ ಫಲ.

ಕೊನೆಯ ಓಟ, ಅಂದರೆ ಕ್ಲೋಸ್‌ಔಟ್, ಹೇಗಿರಬೇಕು ಎಂಬುದೂ ಇದರ ಭಾಗ. ದಾರಿಯ ಮೂರರಲ್ಲಿ ಎರಡು ಪಾಲು ನೇರ ಓಟ, ಉಳಿದ ಪಾಲು ಸಣ್ಣ ಸಣ್ಣ ಹೆಜ್ಜೆ, ಸೊಂಟ ತಗ್ಗಿಸಿ, ಒಂದು ಕೈ ಶಾಟ್‌ಗೆ ಎತ್ತಿ. ಪೂರ್ತಿ ವೇಗದಲ್ಲಿ ಹಾರಿಹೋದರೆ ಒಂದು ಹುಸಿ ಶಾಟ್ ಸಾಕು, ಮತ್ತೊಂದು ಡ್ರೈವ್, ಮತ್ತೊಂದು ಸುತ್ತು. ಎರಡನೆಯ ಸುತ್ತನ್ನು ತಾಳಿಕೊಳ್ಳುವ ಕಾಲೇಜು ತಂಡ ಅಪರೂಪ.

ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಪಂದ್ಯದಲ್ಲಿ ಡಿಫೆಂಡರ್ ಪೇಂಟ್‌ನಲ್ಲಿ ನಿಂತರೆ ಮೂರು ಸೆಕೆಂಡ್ ಎಂದು ವಿಸಲ್ ಊದುತ್ತಾರೆ. ನಾವು ನಡುಗೆರೆಯ ಮೇಲೆ ನಿಂತರೆ? (ಕೊಪ್ಪ)

ಧಾರಾಳವಾಗಿ ನಿಲ್ಲಿ. ಡಿಫೆಂಡರ್‌ಗೆ ಮೂರು ಸೆಕೆಂಡ್ ಮಿತಿ ಎನ್‌ಬಿಎಯದು, 2001–02ರ ಸೀಸನ್‌ನಿಂದ. ಫಿಬಾದಲ್ಲೂ ಎನ್‌ಸಿಎಎಯಲ್ಲೂ ಅದಿಲ್ಲ. ಎನ್‌ಬಿಎಯ ಹೆಲ್ಪ್ ಡಿಫೆನ್ಸ್ ವಿಡಿಯೊಗಳನ್ನು ಕಾಲೇಜು ಆಟಗಾರರಿಗೆ ಪಾಠವಾಗಿ ತೋರಿಸಬೇಡಿ ಎಂದು ನಾವು ಹೇಳುವುದೂ ಇದಕ್ಕೇ. ಅಲ್ಲಿ ಅವರು ಒಳಗೆ ಹೊರಗೆ ಕಾಲಾಡಿಸುತ್ತಿರುವುದು ನಿಯಮದ ಕಾಟಕ್ಕೆ, ಜಾಣತನಕ್ಕಲ್ಲ.

ನಡುವಿನಿಂದ ಬರುವ ಡ್ರೈವ್‌ಗೆ ಪಕ್ಕದವನು ಕೈ ಚಾಚಿ ಹಿಂದಕ್ಕೆ ಹೋಗುವುದನ್ನು ನೋಡಿದ್ದೇನೆ. ಅದು ಅರೆಮನಸ್ಸಿನ ಸಹಾಯವೇ, ಇಲ್ಲ ಉದ್ದೇಶಪೂರ್ವಕವೇ? (ಮಂಡ್ಯ)

ಉದ್ದೇಶಪೂರ್ವಕ. ಸ್ಟಂಟ್ ಎನ್ನುತ್ತಾರೆ. ಫ್ರೀ ಥ್ರೋ ಗೆರೆಯ ನಟ್ಟನಡುವಿನ ಬಿಂದುವಿಗೆ ಅಮೆರಿಕದ ಕೋಚ್‌ಗಳು ‘ನೇಲ್’ (ಮೊಳೆ) ಎನ್ನುತ್ತಾರೆ. ಮರದ ಕೋರ್ಟ್‌ನಲ್ಲಿ ಅಳತೆಗೆಂದು ಅಲ್ಲಿ ಮೊಳೆ ಹೊಡೆಯುತ್ತಿದ್ದುದರಿಂದ ಬಂದ ಹೆಸರು. ಚೆಂಡು ಒಂದು ಬದಿಯಲ್ಲಿದ್ದಾಗ ಪಕ್ಕದ ಗಾರ್ಡ್‌ನನ್ನು ಕಾಯುವವನು ಈ ಮೊಳೆಯ ಹತ್ತಿರ ಇರುತ್ತಾನೆ. ಡ್ರೈವ್ ತನ್ನ ಕಡೆ ಬಂದಾಗ ಒಂದು, ಹೆಚ್ಚೆಂದರೆ ಎರಡು ಹೆಜ್ಜೆ ಮುಂದಿಟ್ಟು ಚೆಂಡಿನ ಎತ್ತರಕ್ಕೆ ಕೈ ಚಾಚುತ್ತಾನೆ. ಚೆಂಡಿನವನು ತಲೆ ಎತ್ತಿ, ವೇಗ ಇಳಿಸಿ, ಚೆಂಡನ್ನು ಕೈಗೆ ತೆಗೆದುಕೊಂಡನೆಂದರೆ ಕೆಲಸ ಮುಗಿಯಿತು, ಪಾಸ್ ಹೊರಡುವ ಮೊದಲೇ ತನ್ನ ಮ್ಯಾನ್ ಕಡೆ ವಾಪಸ್.

ತಪ್ಪುವುದು ಎರಡು ಕಡೆ. ಒಂದು, ಸ್ಟಂಟ್ ಮಾಡುವವನು ಪೂರ್ತಿ ಚೆಂಡಿನ ಕಡೆ ತಿರುಗಿ ತನ್ನ ಮ್ಯಾನ್‌ಗೆ ಬೆನ್ನು ಕೊಡುತ್ತಾನೆ. ಅವನು ಬೆನ್ನ ಹಿಂದಿನಿಂದ ರಿಂಗ್‌ಗೆ ಕಟ್ ಮಾಡಿದರೆ ಗೊತ್ತೇ ಆಗುವುದಿಲ್ಲ. ಹಿಂದಿನ ಪಾದ ತನ್ನ ಮ್ಯಾನ್ ಕಡೆಗೇ ಇರಬೇಕು, ಮುಂದಿನ ಪಾದ ಮಾತ್ರ ಆಡಬೇಕು. ಇನ್ನೊಂದು, ಚೆಂಡು ಕಸಿಯುವ ಆಸೆಗೆ ಕೈ ಕೆಳಕ್ಕೆ ಬೀಸುತ್ತಾನೆ. ಅಮೆರಿಕದ ಕಾಲೇಜು ಆಟದಲ್ಲಿ 2013–14ರಿಂದ ಚೆಂಡಿನವನ ಮೇಲೆ ಕೈ ಇಟ್ಟಿರುವುದು, ಎರಡು ಕೈ ಹಾಕುವುದು, ಮತ್ತೆ ಮತ್ತೆ ಮುಟ್ಟುವುದು ಎಲ್ಲಕ್ಕೂ ನೇರ ಫೌಲ್. ಬೀಸಿದ ಕೈಗೆ ಸಿಗುವ ಕದ್ದ ಚೆಂಡಿಗಿಂತ ಫ್ರೀ ಥ್ರೋಗಳೇ ಹೆಚ್ಚು.

ಚೆಂಡು ಮೊಳೆಯ ಮಟ್ಟ ದಾಟಿ ಒಳಗೆ ಬಂದುಬಿಟ್ಟರೆ ಸ್ಟಂಟ್‌ನ ಹೊತ್ತು ಮೀರಿತು. ಆಗ ಲೋ ಮ್ಯಾನ್ ಎರಡೂ ಪಾದ ಊರಿ ರಿಂಗ್ ಮುಂದೆ ನಿಲ್ಲಬೇಕು.

ಡ್ರೈವ್ ಬರುತ್ತಿರುವ ಬದಿಯ ಕಾರ್ನರ್‌ನಲ್ಲೇ ನನ್ನ ಮ್ಯಾನ್ ಇದ್ದರೆ? ಚೆಂಡು ನನ್ನ ಮುಂದೆಯೇ ಹಾದುಹೋಗುತ್ತದೆ, ಸುಮ್ಮನೆ ನಿಂತರೆ ಬೈಸಿಕೊಳ್ಳುತ್ತೇನೆ. (ಧಾರವಾಡ)

ಬೈಸಿಕೊಳ್ಳಿ, ನಿಂತಿರಿ. ಬಾಲ್ ಸೈಡ್ ಕಾರ್ನರ್‌ನಿಂದ ಹೆಲ್ಪ್ ಹೋಗಬಾರದು ಎನ್ನುವುದು ಇಂದಿನ ಕಾಲೇಜು ಆಟದ ಮೊದಲ ಪಾಠಗಳಲ್ಲಿ ಒಂದು. ಚೆಂಡಿನವನಿಗೆ ನಿಮ್ಮ ಮ್ಯಾನ್ ಎದುರಿಗೇ ಕಾಣುತ್ತಾನೆ. ಪಾಸ್ ಮೂರು ನಾಲ್ಕು ಮೀಟರ್‌ನದು. ಅಷ್ಟು ಚಿಕ್ಕ ಪಾಸ್‌ಗೆ ನೀವು ಯಾವ ವೇಗದಲ್ಲೂ ಮರಳಲಾರಿರಿ. ಆಚೆ ಬದಿಯಿಂದ ಬರುವವನಿಗಾದರೋ ಉದ್ದ ಪಾಸ್‌ನ ಒಂದು ಸೆಕೆಂಡ್ ಸಾಲ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. ಹಿಂದಿನಿಂದ ಬೆನ್ನಟ್ಟುವವನು, ಮುಂದೆ ಲೋ ಮ್ಯಾನ್, ಇಬ್ಬರ ನಡುವೆ ಹಾಕುವ ಲೇಅಪ್ ಎರಡರಲ್ಲಿ ಒಂದು ಬಿದ್ದರೆ ಸರಾಸರಿ ಒಂದು ಪಾಯಿಂಟ್. ಕಾರ್ನರ್‌ನಲ್ಲಿ ಬಿಡುವಾಗಿ ನಿಂತ ಒಳ್ಳೆಯ ಶೂಟರ್ ಹತ್ತರಲ್ಲಿ ನಾಲ್ಕು ಹಾಕಿದರೆ 1.2. ನಿಮ್ಮ ಮ್ಯಾನ್ ಶೂಟರೇ ಅಲ್ಲವಾದರೆ ಮಾತು ಬೇರೆ. ಅದನ್ನು ಪಂದ್ಯಕ್ಕೆ ಮೊದಲೇ ಕೋಚ್ ಜೊತೆ ತೀರ್ಮಾನಿಸಿ. ಕೋರ್ಟ್‌ನಲ್ಲಿ ಯೋಚಿಸಲು ಹೊತ್ತಿಲ್ಲ.

ಮೂರು ಪಾಯಿಂಟ್ ಮುಂದಿರುವ ಕೊನೆಯ ಕ್ಷಣಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು. 2019ರ ಎನ್‌ಸಿಎಎ ಪುರುಷರ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ 68–65 ಮುಂದಿತ್ತು. ಉಳಿದಿದ್ದು ಹತ್ತು ಹದಿನೈದು ಸೆಕೆಂಡ್. ವರ್ಜೀನಿಯಾದ ಟೈ ಜೆರೋಮ್ ಒಳಗೆ ನುಗ್ಗಿದ, ಡಿಫೆನ್ಸ್ ಅವನತ್ತ ಕುಗ್ಗಿತು, ಚೆಂಡು ಕಾರ್ನರ್‌ನಲ್ಲಿ ಬಿಡುವಾಗಿದ್ದ ಡಿಆಂಡ್ರೆ ಹಂಟರ್‌ಗೆ ಹೋಯಿತು. 68–68. ಹೆಚ್ಚುವರಿ ಅವಧಿಯಲ್ಲಿ ವರ್ಜೀನಿಯಾ 85–77ರಿಂದ ಗೆದ್ದಿತು. ಜೆರೋಮ್ ಲೇಅಪ್ ಹಾಕಿದ್ದರೂ ಟೆಕ್ಸಸ್ ಟೆಕ್ ಒಂದು ಪಾಯಿಂಟ್ ಮುಂದೆಯೇ ಇರುತ್ತಿತ್ತು. ಆ ಋತುವಿನ ಅತ್ಯುತ್ತಮ ಡಿಫೆನ್ಸ್‌ಗಳಲ್ಲಿ ಒಂದಕ್ಕೇ ಹೀಗಾಯಿತು. ವರ್ಷವಿಡೀ ಕಲಿತ ಅಭ್ಯಾಸ ಕಾಲನ್ನು ಒಳಕ್ಕೆ ಎಳೆದುಬಿಡುತ್ತದೆ. ಆದ್ದರಿಂದ ‘ಈಗ ಹೆಲ್ಪ್ ಇಲ್ಲ’ ಎಂದು ಟೈಮ್‌ಔಟ್‌ನಲ್ಲಿ ಬಾಯಿಬಿಟ್ಟು ಹೇಳಿ ಕಳಿಸಬೇಕು.

ನಾವು ನಾರ್ತ್ ಕೆರೊಲೈನಾದಲ್ಲಿ ಇದ್ದೇವೆ. ಮಗಳ ಜೊತೆ ಕಾಲೇಜು ಪಂದ್ಯ ನೋಡುವಾಗ ಕಾಮೆಂಟರಿಯಲ್ಲಿ ‘ಪ್ಯಾಕ್ ಲೈನ್’, ‘ನೋ ಮಿಡ್ಲ್’ ಎಂದು ಕೇಳುತ್ತಿರುತ್ತೇವೆ. ಎರಡೂ ಒಂದೇ ಥರ ಕಾಣುತ್ತವೆ. (ರಾಲಿ)

ಎರಡರಲ್ಲೂ ಪೇಂಟ್ ತುಂಬಿರುತ್ತದೆ, ಅದಕ್ಕೆ ಹಾಗೆ ಕಾಣುತ್ತದೆ. ಆದರೆ ಚೆಂಡನ್ನು ಯಾವ ಬಾಗಿಲಿನಿಂದ ಒಳಗೆ ಬಿಡಬೇಕು ಎಂಬಲ್ಲಿ ಅವು ಪರಸ್ಪರ ಉಲ್ಟಾ.

ಪ್ಯಾಕ್ ಲೈನ್ ಕೋಚ್ ಡಿಕ್ ಬೆನೆಟ್ ರೂಪಿಸಿದ್ದು. ಮಗ ಟೋನಿ ಬೆನೆಟ್ ಅದನ್ನು ವರ್ಜೀನಿಯಾಗೆ ತಂದು 2019ರಲ್ಲಿ ಚಾಂಪಿಯನ್ ಆದರು. ರಿಂಗ್‌ನಿಂದ ಸುಮಾರು 16 ಅಡಿ ದೂರದಲ್ಲಿ ಕಣ್ಣಿಗೆ ಕಾಣದ ಕಮಾನೊಂದು ಇದೆಯೆಂದು ಭಾವಿಸಿ. ಚೆಂಡಿನವನನ್ನು ಒಬ್ಬ ಒತ್ತಿ ಕಾಯುತ್ತಾನೆ, ಉಳಿದ ನಾಲ್ವರೂ ಆ ಕಮಾನಿನ ಒಳಗೆ. ಹೊರಗಿನ ಪಾಸ್‌ಗಳಿಗೆ ಅಡ್ಡ ಹೋಗುವುದಿಲ್ಲ. ಬೇಸ್‌ಲೈನ್ ಮುಚ್ಚಿರುತ್ತದೆ; ಡ್ರೈವ್ ಮಾಡುವವನು ಗ್ಯಾಪ್‌ನಲ್ಲಿ ಕಾದಿರುವ ಇಬ್ಬರ ಕೈಗೆ ಬೀಳಬೇಕು.

ನೋ ಮಿಡ್ಲ್‌ನಲ್ಲಿ ನಡುದಾರಿ ಮುಚ್ಚಿದೆ. ಚೆಂಡಿನವನ ಮೇಲಿನ ಭುಜದ ಕಡೆ ನಿಂತು ಅವನನ್ನು ಸೈಡ್‌ಲೈನ್, ಬೇಸ್‌ಲೈನ್ ಕಡೆಗೇ ಕಳಿಸುತ್ತಾರೆ, ಅಲ್ಲಿ ಲೋ ಮ್ಯಾನ್ ಮೊದಲೇ ಬಂದು ನಿಂತಿರುತ್ತಾನೆ. ಕ್ರಿಸ್ ಬಿಯರ್ಡ್ ಕೋಚ್ ಆಗಿದ್ದಾಗ ಟೆಕ್ಸಸ್ ಟೆಕ್ ಇದನ್ನು ಆಡಿತು. ಅದನ್ನು ರೂಪಿಸಿದವರು ಅವರ ಸಹಾಯಕರಾಗಿದ್ದ ಮಾರ್ಕ್ ಆಡಮ್ಸ್. ಮೇಲೆ ಹೇಳಿದ ಫೈನಲ್ ಹಾಗೆ ಎರಡು ಸಿದ್ಧಾಂತಗಳ ಮುಖಾಮುಖಿಯೂ ಆಗಿತ್ತು.

ಎರಡಕ್ಕೂ ಬೆಲೆ ತೆರಬೇಕು. ಪ್ಯಾಕ್ ಲೈನ್ ಹೊರಗಿನ ಶಾಟ್‌ಗೆ ಜಾಗ ಕೊಡುತ್ತದೆ. 2018ರಲ್ಲಿ ಅಗ್ರಶ್ರೇಯಾಂಕದ ವರ್ಜೀನಿಯಾ, 16ನೇ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್‌ನ ಒಂದು ವಿಶ್ವವಿದ್ಯಾಲಯ) ಎದುರು ಮಧ್ಯಂತರಕ್ಕೆ 21–21 ಇದ್ದದ್ದು 74–54ರಿಂದ ಸೋತಿತು. ಎನ್‌ಸಿಎಎ ಪುರುಷರ ಟೂರ್ನಿಯಲ್ಲಿ ಒಂದನೇ ಶ್ರೇಯಾಂಕ ಹದಿನಾರಕ್ಕೆ ಸೋತದ್ದು ಅದೇ ಮೊದಲು. ನೋ ಮಿಡ್ಲ್‌ನಲ್ಲಿ ಕ್ಲೋಸ್‌ಔಟ್‌ಗಳು ಉದ್ದ, ಓಟ ಹೆಚ್ಚು. ಬೆಂಚ್‌ನಲ್ಲಿ ಗಟ್ಟಿ ಆಟಗಾರರಿಲ್ಲದಿದ್ದರೆ ಕೊನೆಯ ಹತ್ತು ನಿಮಿಷ ಕಾಲು ಏಳುವುದಿಲ್ಲ.

ಮಗಳಿಗೆ ಗುರುತಿಸಲು ಒಂದು ಸುಳಿವು: ಚೆಂಡು ವಿಂಗ್‌ನಲ್ಲಿದ್ದಾಗ ಅದನ್ನು ಕಾಯುವವರ ಪಾದ ನೋಡಲಿ. ಮೇಲಿನ ಪಾದ ಮುಂದಿದ್ದು ಎದೆ ಸೈಡ್‌ಲೈನ್ ಕಡೆ ತಿರುಗಿದ್ದರೆ ನೋ ಮಿಡ್ಲ್. ಎದೆ ನೇರ ಇದ್ದು ಬೇಸ್‌ಲೈನ್ ಮುಚ್ಚಿದ್ದರೆ ಪ್ಯಾಕ್ ಲೈನ್ ಕುಟುಂಬದ್ದು.

ಹೆಲ್ಪ್ ಹೋದಾಗ ಚಾರ್ಜ್ (ಜಾಗದಲ್ಲಿ ನಿಂತವನಿಗೆ ಡಿಕ್ಕಿ ಹೊಡೆದ ಚೆಂಡಿನವನ ಮೇಲಿನ ಫೌಲ್) ತೆಗೆದುಕೊಳ್ಳಬೇಕೋ, ನೆಗೆದು ತಡೆಯಬೇಕೋ? (ಉಡುಪಿ)

ಸಿಮೆಂಟ್ ಕೋರ್ಟ್‌ನಲ್ಲಿ ಆಡುವವರಿಗೆ ನಮ್ಮ ಉತ್ತರ: ನೆಗೆಯಿರಿ. ಬೆನ್ನ ಮೇಲೆ ಬೀಳುವ ಕಲೆ ಮರದ ನೆಲಕ್ಕೆ ಹೇಳಿದ್ದು.

ನಿಯಮವೂ ಅದೇ ದಿಕ್ಕಿಗೆ ವಾಲುತ್ತಿದೆ. ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ 2023–24ರಿಂದ, ಚೆಂಡಿನವನು ನೆಗೆಯಲು ಪಾದ ಊರುವ ಹೊತ್ತಿಗೆ ಡಿಫೆಂಡರ್ ಜಾಗದಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಡಿಫೆಂಡರ್‌ನದೇ ಫೌಲ್. ಫಿಬಾದಲ್ಲಿ ಅವನ ಪಾದ ನೆಲ ಬಿಡುವ ಮೊದಲು ನಿಂತಿದ್ದರೆ ಸಾಕು. ರಿಂಗ್ ಕೆಳಗಿನ ಅರ್ಧವೃತ್ತದೊಳಗೆ ಹೆಲ್ಪರ್‌ಗೆ ಚಾರ್ಜ್ ಸಿಗುವುದಿಲ್ಲ. ಅದರ ತ್ರಿಜ್ಯ ಅಲ್ಲಿ 4 ಅಡಿ, ಇಲ್ಲಿ 1.25 ಮೀಟರ್, ಹೆಚ್ಚು ಕಡಿಮೆ ಒಂದೇ.

ನೇರ ನೆಗೆತಕ್ಕೆ ಆ ಅರ್ಧವೃತ್ತದ ಹಂಗಿಲ್ಲ. ಪಾದ ಭುಜದಗಲ, ಎರಡು ಕೈ ಕಿವಿಯ ಪಕ್ಕ ನೆಟ್ಟಗೆ, ನೆಗೆದ ಜಾಗದಲ್ಲೇ ಇಳಿಯಬೇಕು. ಅವನು ಬಂದು ನಿಮ್ಮ ಎದೆಗೆ ಬಡಿದರೆ ತಪ್ಪು ನಿಮ್ಮದಲ್ಲ. ಕೈ ಮುಂದಕ್ಕೆ ಹತ್ತು ಡಿಗ್ರಿ ವಾಲಿದರೂ ರೆಫರಿ ಕಣ್ಣಿಗೆ ಅದು ಹೊಡೆತ. ಹುಡುಗರಿಗೆ ಚೆಂಡು ಬಡಿದು ಹಾರಿಸುವ ಆಸೆ; ಐದು ಫೌಲ್‌ಗೆ ಆಟ ಮುಗಿಯುತ್ತದೆ ಎಂಬುದು ಮೂರನೆಯ ಫೌಲ್ ಆದ ಮೇಲೆ ನೆನಪಾಗುತ್ತದೆ.

ನಾನು ದೈಹಿಕ ಶಿಕ್ಷಕ. ಹನ್ನೆರಡು ಮಕ್ಕಳು, ಅರ್ಧ ಕೋರ್ಟ್, 40 ನಿಮಿಷ. ಹೆಲ್ಪ್ ಡಿಫೆನ್ಸ್ ಕಲಿಸಲು ಕ್ರಮ ತಿಳಿಸಿ. (ಶಿವಮೊಗ್ಗ)

ನಾಲ್ವರ ಮೂರು ತಂಡ ಮಾಡಿ. ಆಡುವವರು ನಾಲ್ಕು, ತಡೆಯುವವರು ನಾಲ್ಕು, ಹೊರಗೆ ನಾಲ್ಕು. ಶೆಲ್ ಡ್ರಿಲ್ ಎನ್ನುವುದು ಇದನ್ನೇ. ಸುಣ್ಣದ ಪುಡಿಯಲ್ಲಿ ನಡುಗೆರೆ ಎಳೆದುಬಿಡಿ, ಅರ್ಧ ಮಾತು ಉಳಿಯುತ್ತದೆ.

ಮೊದಲ ಆರು ನಿಮಿಷ ಕ್ಲೋಸ್‌ಔಟ್ ಮಾತ್ರ: ನಡುಗೆರೆಯಿಂದ ಕಾರ್ನರ್‌ಗೆ, ಪ್ರತಿಯೊಬ್ಬರೂ ಎರಡೂ ಬದಿಗೆ ಮೂರು ಮೂರು ಸಲ. ಆಮೇಲೆ ಎಂಟು ನಿಮಿಷ ಶೆಲ್, ಡ್ರೈವ್ ಇಲ್ಲ, ಪಾಸ್ ಮಾತ್ರ. ಹಿಡಿದವರು ಎರಡು ಸೆಕೆಂಡ್ ಚೆಂಡು ಇಟ್ಟುಕೊಳ್ಳಬೇಕು. ನೀವು ಆಗಾಗ ವಿಸಲ್ ಊದಿ. ಎಲ್ಲರೂ ಇದ್ದಲ್ಲೇ ಕಲ್ಲಾಗಲಿ. ಎರಡು ಪಾಸ್ ದೂರದವನ ಪಾದ ಸುಣ್ಣದ ಗೆರೆಯ ಮೇಲಿದೆಯೇ, ಕೈ ಎರಡೂ ಕಡೆ ತೋರಿಸುತ್ತಿವೆಯೇ ನೋಡಿ. ಈ ಎಂಟು ನಿಮಿಷ ಮಕ್ಕಳಿಗೆ ಬೇಸರ ತರಿಸುತ್ತದೆ. ಬಿಡಬೇಡಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮುಂದಿನ ಹನ್ನೆರಡು ನಿಮಿಷ ಬೇಸ್‌ಲೈನ್ ಡ್ರೈವ್ ಒಂದೇ. ಚೆಂಡಿನವನನ್ನು ಕಾಯುವವನು ಬೇಕೆಂದೇ ದಾರಿ ಬಿಡಲಿ. ದಾವಣಗೆರೆಯ ಓದುಗರಿಗೆ ಹೇಳಿದ ಸುತ್ತನ್ನು ಮೊದಲು ನಡೆದು, ಆಮೇಲೆ ಅರೆವೇಗದಲ್ಲಿ, ಕೊನೆಗೆ ಓಡಿ ಮಾಡಿಸಿ. ಶಾಟ್ ಬೇಡ. ಶಾಟ್ ಇದ್ದರೆ ಎಲ್ಲರ ಕಣ್ಣು ರಿಂಗ್ ಮೇಲೆ, ಮೂರನೆಯವನು ಇಳಿದನೋ ಇಲ್ಲವೋ ಯಾರೂ ನೋಡುವುದಿಲ್ಲ. ನೀವು ನಿಲ್ಲಬೇಕಾದ್ದು ಬೇಸ್‌ಲೈನ್ ಹಿಂದೆ, ನೋಡಬೇಕಾದ್ದು ಆ ಮೂರನೆಯವನನ್ನು. ಲೋ ಮ್ಯಾನ್ ತಪ್ಪಿದರೆ ಎಲ್ಲರಿಗೂ ಕಾಣುತ್ತದೆ, ಮೂರನೆಯವನು ತಪ್ಪಿದ್ದು ಕೋಚ್‌ಗೆ ಮಾತ್ರ ಕಾಣಬೇಕು.

ಹತ್ತು ನಿಮಿಷ ನಿಜವಾದ ನಾಲ್ಕಕ್ಕೆ ನಾಲ್ಕು ಆಟ. ಅಂಕ ಕೊಡುವ ರೀತಿ ಬದಲಿಸಿ: ಡ್ರೈವ್‌ನಲ್ಲಿ ಚೆಂಡು ಪೇಂಟ್ ಮುಟ್ಟಿದರೆ ಆಡುವವರಿಗೆ ಒಂದು, ಬುಟ್ಟಿ ಬಿದ್ದರೆ ಎರಡು. ತಡೆಯುವವರು ಸತತ ಮೂರು ಸಲ ತಡೆದು ರಿಬೌಂಡ್ ಹಿಡಿದರೆ ಮಾತ್ರ ಹೊರಗೆ ಬರಬಹುದು. ಒಂದೇ ತಂಡ ನಾಲ್ಕು ನಿಮಿಷ ಸಿಕ್ಕಿಬಿದ್ದರೆ ನೀವೇ ಬದಲಿಸಿ, ದಣಿದ ಕಾಲಿಗೆ ಕಲಿಸಿದ್ದು ಹತ್ತುವುದಿಲ್ಲ. ಉಳಿದ ನಾಲ್ಕು ನಿಮಿಷದಲ್ಲಿ ಜೋಡಿ ಜೋಡಿಯಾಗಿ ನೇರ ನೆಗೆತ.

ಕೂಗಲು ಮೂರೇ ಪದ ಸಾಕು: ಚೆಂಡು ಕಾಯುವವನು ‘ಬಾಲ್’, ಲೋ ಮ್ಯಾನ್ ‘ಹೆಲ್ಪ್’, ಇಳಿಯುವವನು ‘ಕಾರ್ನರ್’. ಕನ್ನಡದಲ್ಲೇ ಬೇಕೆನಿಸಿದರೆ ‘ಚೆಂಡು, ಬಂದೆ, ಮೂಲೆ’ ಚೆನ್ನಾಗಿಯೇ ಕೇಳಿಸುತ್ತದೆ.

ಡ್ರೈವ್‌ನಲ್ಲಿ ಸೋತ ಮೇಲೆ ನಾನು ಏನು ಮಾಡಬೇಕು? ಹೆಲ್ಪ್ ಬಂದಾಯಿತಲ್ಲ. (ತುಮಕೂರು)

ನಿಂತು ನೋಡಬೇಡಿ, ಅಷ್ಟೇ ಸಾಕು ಅರ್ಧ ಪಂದ್ಯ ಗೆಲ್ಲಲು. ಚೆಂಡಿನ ಹಿಂದೆ ಅಲ್ಲ, ರಿಂಗ್ ಕಡೆಗೆ ನೇರ ಓಡಿ. ಆ ದಾರಿ ಚಿಕ್ಕದು. ಅವನು ನಿಂತರೆ ಮತ್ತೆ ನಿಮ್ಮವನೇ, ಪಾಸ್ ಮಾಡಿದರೆ ಸುತ್ತಿನಲ್ಲಿ ಖಾಲಿ ಉಳಿದವನು ನಿಮ್ಮವನು. ಹಿಂದಿನಿಂದ ಚೆಂಡಿಗೆ ಕೈ ಹಾಕುವುದು ಬೇಡ.

ನಾವು ಎತ್ತರ ಕಡಿಮೆಯ ತಂಡ. ನಮ್ಮ ಸೆಂಟರ್ ಹೆಲ್ಪ್‌ಗೆ ಹೋದ ಕೂಡಲೇ ಅವಳ ಮ್ಯಾನ್‌ಗೆ ರಿಂಗ್ ಪಕ್ಕದಲ್ಲೇ ಸಣ್ಣ ಪಾಸ್ ಬೀಳುತ್ತದೆ. ಸೆಂಟರ್‌ನ್ನು ಹೆಲ್ಪ್‌ಗೆ ಕಳಿಸದೇ ಇರಬೇಕೆ? (ಹಾಸನ, ಮಹಿಳಾ ಕಾಲೇಜು ತಂಡ)

ಎದುರಾಳಿ ಸೆಂಟರ್‌ಳನ್ನು ಅವರು ಬೇಕೆಂದೇ ಅಲ್ಲಿ ನಿಲ್ಲಿಸುತ್ತಾರೆ. ಫ್ರೆಸ್ನೊ ಸಿಟಿ ಕಾಲೇಜಿನಲ್ಲಿ ವಾನ್ಸ್ ವಾಲ್‌ಬರ್ಗ್ ಕಟ್ಟಿದ, ಮುಂದೆ ಜಾನ್ ಕ್ಯಾಲಿಪಾರಿ ಮೆಂಫಿಸ್‌ನಲ್ಲಿ ಬೆಳೆಸಿದ ಡ್ರಿಬಲ್ ಡ್ರೈವ್ ಮೋಶನ್ ಎಂಬ ಆಕ್ರಮಣ ಪದ್ಧತಿಯ ಜೀವವೇ ಇದು: ನಾಲ್ವರು ಹೊರಗೆ ಹರಡಿ, ಸೆಂಟರ್ ಡ್ರೈವ್ ಇಲ್ಲದ ಬದಿಯ ಬ್ಲಾಕ್ (ರಿಂಗ್ ಪಕ್ಕ, ಪೇಂಟ್ ಅಂಚಿನ ಗುರುತು) ಹತ್ತಿರ. ಹೆಲ್ಪ್ ಬಂದರೆ ಅವಳಿಗೆ ಪಾಸ್, ಬರದಿದ್ದರೆ ಲೇಅಪ್.

ನಿಮ್ಮ ಸೆಂಟರ್ ಹೋಗಲೇಬೇಕು, ಅವಳೇ ಇಲ್ಲಿ ಲೋ ಮ್ಯಾನ್. ತಪ್ಪು ಅವಳದ್ದಲ್ಲ. ಆಚೆ ಕಾರ್ನರ್ ಕಾಯುವ ಹುಡುಗಿ ಅವಳ ಜೊತೆಜೊತೆಗೇ ಒಳಗೆ ಇಳಿದು ಎದುರಾಳಿ ಸೆಂಟರ್‌ಳ ಮುಂದೆ, ಅಂದರೆ ಚೆಂಡಿಗೂ ಅವಳಿಗೂ ನಡುವೆ, ದೇಹ ತೂರಿಸಿ ನಿಲ್ಲಬೇಕು. ಹಿಂದೆ ನಿಂತರೆ ಎತ್ತರ ಸಾಲದು; ಮುಂದೆ ನಿಂತರೆ ಸಣ್ಣ ಪಾಸ್‌ಗೆ ದಾರಿಯೇ ಇಲ್ಲ, ಮೇಲಿನಿಂದ ಎಸೆಯಲು ಬೋರ್ಡ್ ಅಡ್ಡ. ಸೊಂಟದಿಂದ ಒತ್ತಿ ಅವಳನ್ನು ಒಂದು ಹೆಜ್ಜೆ ರಿಂಗ್ ಕೆಳಕ್ಕೆ ದೂಡಿದಂತೆ ನಿಂತರೆ ರಿಬೌಂಡ್‌ಗೂ ಒಳ್ಳೆಯದು, ಆದರೆ ಕೈ ಬಳಸಬಾರದು. ವಿಂಗ್‌ನವಳು ಕಾರ್ನರ್ ಕಡೆ ಇಳಿಯುತ್ತಾಳೆ.

ಇಲ್ಲಿ ಸಾಮಾನ್ಯವಾಗಿ ತಪ್ಪುವುದು ಕಾರ್ನರ್‌ನವಳು ತನ್ನ ಶೂಟರ್ ಬಿಟ್ಟು ಬರಲು ಹೆದರುವುದರಿಂದ. ಶೂಟರ್ ಆ ಕ್ಷಣಕ್ಕೆ ವಿಂಗ್‌ನವಳ ಜವಾಬ್ದಾರಿ ಎಂದು ಇಬ್ಬರಿಗೂ ಒಟ್ಟಿಗೆ ನಿಲ್ಲಿಸಿ ಹೇಳಿ, ಹತ್ತು ಸಲ ಮಾಡಿಸಿ. ಬೇರೆ ಬೇರೆಯಾಗಿ ಹೇಳಿದರೆ ಒಬ್ಬಳು ಬರುತ್ತಾಳೆ, ಇನ್ನೊಬ್ಬಳು ಬರುವುದಿಲ್ಲ.